ಬಯಲುಸೀಮೆಯಲ್ಲಿ ಕಡಲು ಹುಡುಕುತ್ತಾ ನಾಲ್ಕು ದಿನ

ಮೊದಲ ದಿನ: ಲಾಲ್‌ಬಾಗ್ ಬಂಡೆಯಿಂದ ದೊಡ್ಡಗುಣಿಗೆ

ಚಿತ್ರದುರ್ಗದ ಕಡೆ ಫೀಲ್ಡಿಗೆ ಹೊರಟಾಗಲೆಲ್ಲ ನಾನು ಮೊದಲು ಲಾಲ್‌ಬಾಗಿಗೆ ಹೋಗಿಬರುತ್ತೇನೆ. ಈ ಸಲ ಜೊತೆಗೆ ಇಬ್ಬರು ವಿದ್ಯಾರ್ಥಿಗಳಿದ್ದರು. ಪಿಎಚ್‌ಡಿ ಶುರು ಮಾಡಿರುವ ಬಳ್ಳಾರಿಯ ಹುಡುಗಿ, ಎಂ.ಎಸ್ಸಿ. ಕೊನೇ ವರ್ಷದ ಹಾಸನದ ಹುಡುಗ. ಡಿಸೆಂಬರ್ ತಿಂಗಳ ಚಳಿ. ಬೆಳಗ್ಗೆ ಆರೂವರೆಗೆ ಕೆಂಪೇಗೌಡರ ಗೋಪುರದ ಬಂಡೆಯ ಮೇಲೆ ವಾಕಿಂಗಿಗೆ ಬಂದವರು ಆಗಲೇ ಕೈಕಾಲು ಆಡಿಸುತ್ತಿದ್ದರು.

ನಾವು ಮೂವರೂ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತೆವು. ನಿಂತು ನೋಡಿದರೆ ಅದು ಬರೀ ಬೂದು ಬಣ್ಣದ ಬಂಡೆ. ಕೂತು ನೋಡಿದರೆ ಪಟ್ಟೆಗಳು ಕಾಣಿಸುತ್ತವೆ. ಒಂದು ಬಿಳಿ, ಒಂದು ಕಪ್ಪು, ಮತ್ತೆ ಬಿಳಿ. ರಾಗಿ ಹಿಟ್ಟನ್ನೂ ಅಕ್ಕಿ ಹಿಟ್ಟನ್ನೂ ಸೇರಿಸಿ ಅರೆಬರೆ ಕಲಸಿಬಿಟ್ಟ ಹಾಗೆ. ಕೆಲವು ಕಡೆ ಪಟ್ಟೆ ಮಡಚಿಕೊಂಡು ಹಿಂದಕ್ಕೆ ತಿರುಗಿದೆ. ನೆಲದಾಳದ ಬಿಸಿಗೆ, ಒತ್ತಡಕ್ಕೆ ಕಲ್ಲು ಮೆತ್ತಗಾಗಿ ಹರಿದಾಡಿದ ಗುರುತು ಅದು. ಈ ಕಲ್ಲಿನ ಜಾತಿಗೆ ನೈಸ್ ಅನ್ನುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಇದನ್ನು ‘ಪೆನಿನ್ಸುಲಾರ್ ನೈಸ್’ ಎಂದು ಕರೆದರು. ವಯಸ್ಸು ಸುಮಾರು 300 ಕೋಟಿ ವರ್ಷ. ನಮ್ಮ ರಾಜ್ಯದ ದಕ್ಷಿಣ ಭಾಗದ ಬಹುಪಾಲು ಇದರ ಮೇಲೆಯೇ ಕೂತಿದೆ.

“ಈ ಪಟ್ಟೆ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮೂರನೇ ದಿನ ಬೇಕಾಗುತ್ತೆ” ಎಂದೆ. ಹುಡುಗಿ ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆದುಕೊಂಡಳು. ಫೋಟೋ ಸಾಲದಾ ಎಂದು ಹುಡುಗ ಕೇಳಿದ. ಸಾಲದು. ಕೈಯಲ್ಲಿ ಬರೆಯುವಾಗ ಕಣ್ಣು ಪ್ರತಿ ಗೆರೆಯನ್ನೂ ಹಿಂಬಾಲಿಸಲೇಬೇಕು. ಫೋಟೋ ತೆಗೆಯುವಾಗ ಕಣ್ಣಿಗೆ ಆ ಕೆಲಸವೇ ಇಲ್ಲ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಅದಕ್ಕೂ ಮೊದಲು ದಾಬಸ್‌ಪೇಟೆ ದಾಟುವಾಗ ಎಡಗಡೆ ಶಿವಗಂಗೆ ಬೆಟ್ಟ ಕಾಣಿಸಿತ್ತು. ಅದು ನೈಸ್ ಅಲ್ಲ, ಗ್ರಾನೈಟ್. ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿರುವ ಒಂದೇ ಗ್ರಾನೈಟ್ ಪಟ್ಟಿಯ ತುಂಡು. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಊರಿನ ಹೆಸರು ಬದಲಾಯಿತು, ಕಲ್ಲಿಗೆ ಹಳೆಯ ಹೆಸರೇ ಉಳಿದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಕರಗಿದ ಕಲ್ಲು ಮೇಲಕ್ಕೆ ನುಗ್ಗಿ ಗಟ್ಟಿಯಾದದ್ದು. ನನ್ನ ಹುಡುಕಾಟ ಅದಕ್ಕೂ ಹಿಂದಿನದು.

ನನ್ನ ಪ್ರಶ್ನೆ ನೀರಿನದು. ಆ ಕಾಲದಲ್ಲಿ ಈ ನೆಲದ ಮೇಲೆ ನೀರು ಹೇಗಿತ್ತು? ಆಳ ಎಷ್ಟು, ಬೆಚ್ಚಗಿತ್ತಾ, ಹೆಪ್ಪುಗಟ್ಟುವಷ್ಟು ತಣ್ಣಗಿತ್ತಾ? ಇಪ್ಪತ್ತು ವರ್ಷದಿಂದ ಇದೊಂದೇ ನನ್ನನ್ನು ಮತ್ತೆ ಮತ್ತೆ ಚಿತ್ರದುರ್ಗಕ್ಕೆ ಎಳೆದುಕೊಂಡು ಹೋಗುತ್ತಿದೆ. ಮಳೆ ಕೈಕೊಡುವ ಸೀಮೆ, ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಗಿಡ ಉಳಿಸಿಕೊಳ್ಳುವ ಸೀಮೆ ಅದು. ಅಲ್ಲಿನ ಕಲ್ಲುಗಳ ತುಂಬ ಇರುವುದು ಮಾತ್ರ ಕಡಲಿನ ಸುದ್ದಿ.

ಗುಬ್ಬಿ ದಾಟಿ ದೊಡ್ಡಗುಣಿ ಸೇರುವ ಹೊತ್ತಿಗೆ ಹನ್ನೊಂದು ಗಂಟೆ. ಇಲ್ಲಿ ಸಿಗುವುದು ಸುಣ್ಣದಕಲ್ಲು, ಅದರಲ್ಲೂ ಮೆಗ್ನೀಸಿಯಂ ಸೇರಿದ ಡಾಲಮೈಟ್. ಬಿಸಿಲು ಮಳೆಗೆ ಸವೆದ ಅದರ ಹೊರಮೈ ಆನೆಯ ಚರ್ಮದ ಹಾಗೆ ಸುಕ್ಕುಸುಕ್ಕು. ಹುಡುಗ ಆಸಿಡ್ ಬಾಟಲಿ ತೆಗೆದು ಒಂದು ಹನಿ ಬಿಟ್ಟ. ಏನೂ ಆಗಲಿಲ್ಲ. “ಚಾಕುವಿನಲ್ಲಿ ಕೆರೆದು, ಆ ಪುಡಿ ಮೇಲೆ ಬಿಡು” ಎಂದೆ. ಪುಡಿ ಮೇಲೆ ಬಿದ್ದ ಹನಿ ನಿಧಾನವಾಗಿ ನೊರೆಯಾಡಿತು. ಬರೀ ಸುಣ್ಣದಕಲ್ಲಾಗಿದ್ದರೆ ಹನಿ ಬಿದ್ದ ತಕ್ಷಣ ಬುಸುಬುಸು ಅನ್ನುತ್ತಿತ್ತು. ಡಾಲಮೈಟ್ ಹೀಗೆ, ಪುಡಿ ಮಾಡಿ ಕೇಳಿದರಷ್ಟೇ ಉತ್ತರ ಕೊಡುತ್ತೆ.

ನಾವು ನೋಡಬೇಕಿದ್ದದ್ದು ಅದರೊಳಗಿನ ಗೆರೆಗಳನ್ನು. ಬಾಟಲಿಯ ನೀರು ಸುರಿದು ಕಲ್ಲಿನ ಮೈ ಒದ್ದೆ ಮಾಡಿದೆವು. ಒಂದರ ಮೇಲೊಂದು ಕವುಚಿದ ಬಟ್ಟಲಿನಂಥ ಗೆರೆಗಳು ಎದ್ದು ಬಂದವು. ಅರ್ಧಕ್ಕೆ ಹೆಚ್ಚಿದ ಈರುಳ್ಳಿಯ ಹಾಗೆ. ಇವು ಸ್ಟ್ರೊಮ್ಯಾಟೊಲೈಟ್. ಕಣ್ಣಿಗೆ ಕಾಣದ ಜೀವಿಗಳು ಬಿಸಿಲು ತಲುಪುವ ತೆಳು ನೀರಿನಲ್ಲಿ ಹಾಸಿನಂತೆ ಬೆಳೆದವು. ಅಂಟಂಟಾದ ಆ ಹಾಸಿಗೆ ಕೆಸರು ಮೆತ್ತಿಕೊಂಡಿತು. ಕೆಸರಿನ ಮೇಲೆ ಮತ್ತೆ ಹಾಸು, ಮತ್ತೆ ಕೆಸರು. ಆಸ್ಟ್ರೇಲಿಯಾದ ಪಶ್ಚಿಮದ ಶಾರ್ಕ್ ಬೇ ಅನ್ನುವ ಕೊಲ್ಲಿಯಲ್ಲಿ ಇವತ್ತಿಗೂ ಇಂಥವು ಜೀವಂತವಾಗಿ ಬೆಳೆಯುತ್ತಿವೆ. ದೊಡ್ಡಗುಣಿಯವು 250 ಕೋಟಿ ವರ್ಷಕ್ಕೂ ಹಿಂದಿನವು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಇಂಥ ಜೀವಿಗಳೇ ಬಿಸಿಲು ಕುಡಿದು ಅದನ್ನು ಉಸಿರಾಡಿಬಿಟ್ಟು, ಕೋಟ್ಯಂತರ ವರ್ಷ ಹಿಡಿದು, ನಮಗೊಂದು ಗಾಳಿ ಮಾಡಿಕೊಟ್ಟವು.

ಹುಡುಗಿ ಒದ್ದೆ ಕಲ್ಲಿನ ಮೇಲೆ ಬೆರಳಿಟ್ಟು ಗೆರೆ ಎಣಿಸುತ್ತಿದ್ದಳು. ಒಂದು ಅಂಗುಲದಲ್ಲಿ ಇಪ್ಪತ್ತು ದಾಟಿದ ಮೇಲೆ ಕಲ್ಲು ಒಣಗಿ ಗೆರೆ ಮಾಯವಾದವು. ಮತ್ತೆ ನೀರು ಹಾಕಿದಳು. ರಾತ್ರಿ ಹಿರಿಯೂರಿನಲ್ಲಿ ಉಳಿದೆವು.

ಎರಡನೇ ದಿನ: ಮಾರಿಕಣಿವೆ, ಮರಡಿಹಳ್ಳಿ

ಬೆಳಗ್ಗೆ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಕೆಲಸ ಮುಗಿಯಿತು. ಅದಾದ ಮೇಲೆ 1933ರಲ್ಲಿ ಒಂದು ಸಲ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. 89 ವರ್ಷ! ನಮ್ಮ ಡ್ರೈವರ್ ಅಣ್ಣ ಹಿರಿಯೂರಿನ ಕಡೆಯವರು. ಆ ವರ್ಷ ಮನೆಮಂದಿಯನ್ನೆಲ್ಲ ಕರೆತಂದು ಕೋಡಿ ನೀರಿಗೆ ಬಾಗಿನ ಬಿಟ್ಟು ಹೋದದ್ದನ್ನು ಹೇಳುವಾಗ ಅವರ ದನಿ ಮೆತ್ತಗಾಯಿತು. “ನಮ್ಮ ತಾತ ನೋಡಿದ್ರಂತೆ ಮೇಡಂ, ನಮ್ಮಪ್ಪ ನೋಡ್ಲೇ ಇಲ್ಲ” ಎಂದರು.

ಅಣೆಕಟ್ಟು ಇಲ್ಲಿಯೇ ಯಾಕೆ? ಗುಡ್ಡ ಹತ್ತಿ ನೋಡಿದರೆ ಗೊತ್ತಾಗುತ್ತೆ. ಇಲ್ಲಿನ ಗುಡ್ಡಗಳು ಉತ್ತರದಿಂದ ದಕ್ಷಿಣಕ್ಕೆ ಸಾಲುಗಟ್ಟಿ ನಿಂತಿವೆ. ಒಳಗಿರುವ ಪದರಗಳು ಮಲಗಿಲ್ಲ, ಕಪಾಟಿನ ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿವೆ. ಒಂದು ಕಾಲದಲ್ಲಿ ಕಡಲ ತಳದಲ್ಲಿ ಹಾಸಿದ್ದ ಪದರಗಳೇ ಆಮೇಲೆ ಎರಡೂ ಕಡೆಯ ಒತ್ತಡಕ್ಕೆ ಸಿಕ್ಕಿ ಎದ್ದು ನಿಂತಿವೆ. ಮೆತ್ತನೆ ಪದರ ಸವೆದು ಬಯಲಾಯಿತು, ಗಟ್ಟಿ ಪದರ ಉಳಿದು ಗುಡ್ಡವಾಯಿತು. ಆ ಗುಡ್ಡಸಾಲನ್ನು ವೇದಾವತಿ ಒಂದೇ ಒಂದು ಕಡೆ ಸೀಳಿಕೊಂಡು ಹೋಗುತ್ತಾಳೆ. ಆ ಸೀಳಿಗೆ ಗೋಡೆ ಕಟ್ಟಿದ್ದಾರೆ.

ಗದಗದಿಂದ ಶ್ರೀರಂಗಪಟ್ಟಣದ ಕಡೆಯವರೆಗೆ, ನಾನೂರು ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ, ಈ ನಿಂತ ಪದರಗಳ ಪಟ್ಟಿ ಹಬ್ಬಿದೆ. ಚಿತ್ರದುರ್ಗ ಶಿಸ್ಟ್ ಬೆಲ್ಟ್ ಅಂತ ಇದರ ಹೆಸರು. ಇಂಥ ಕಲ್ಲುಗಳಿಗೆಲ್ಲ 1880ರ ದಶಕದಲ್ಲಿ ‘ಧಾರವಾಡ’ ಅನ್ನುವ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಪಲ್ಲಾವರಂನಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೈಕೊಡಲಿ ಹುಡುಕಿದವರೂ ಅವರೇ. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಈಗಿನ ನಕ್ಷೆಯ ಪಕ್ಕದಲ್ಲಿ ಆ ಕಾಲದ ನಕ್ಷೆ ಇಟ್ಟು ನೋಡಿದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತೆ. ಜೀಪಿಲ್ಲ, ಉಪಗ್ರಹ ಇಲ್ಲ. ಗೆರೆ ಮಾತ್ರ ಇರಬೇಕಾದ ಜಾಗದಲ್ಲೇ ಇದೆ.

ಗುಡ್ಡದ ನೆತ್ತಿಯಲ್ಲಿ ಕೆಂಪು, ಕಪ್ಪು ಗೆರೆಗಳ ಕಬ್ಬಿಣದ ಕಲ್ಲು. ಹುಡುಗ ದಿಕ್ಕು ಅಳೆಯಲು ಬ್ರಂಟನ್ ಕಂಪಾಸ್ ಹಿಡಿದರೆ ಮುಳ್ಳು ನಿಲ್ಲುತ್ತಿಲ್ಲ. ಒಂದು ಹೆಜ್ಜೆ ಆಚೆ ಹೋದರೆ ಇಪ್ಪತ್ತು ಡಿಗ್ರಿ ಬೇರೆ ತೋರಿಸುತ್ತಿದೆ. ಕಲ್ಲಿನಲ್ಲಿರುವ ಮ್ಯಾಗ್ನಟೈಟ್ ಮುಳ್ಳನ್ನು ತನ್ನ ಕಡೆ ಎಳೆಯುತ್ತೆ. ಹೀಗಾದಾಗ ಕಂಪಾಸ್ ಜೇಬಿಗೆ ಹಾಕಿ ದೂರದ ದೇವಸ್ಥಾನದ ಗೋಪುರವೋ ಗಾಳಿಯಂತ್ರದ ಕಂಬವೋ ಹಿಡಿದು ದಿಕ್ಕು ಲೆಕ್ಕ ಹಾಕಬೇಕು. ಈ ಕಬ್ಬಿಣವೂ ಕಡಲಿನದೇ. ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿರುತ್ತಿತ್ತು. ಅದು ಪದರ ಪದರವಾಗಿ ತಳಕ್ಕಿಳಿದದ್ದು ಇವತ್ತಿನ ಈ ಗುಡ್ಡ.

ಮಧ್ಯಾಹ್ನ ಬುತ್ತಿ ಬಿಚ್ಚಿ ಊಟ ಮಾಡಿ ಮರಡಿಹಳ್ಳಿಗೆ ಹೊರಟೆವು.

ಮರಡಿಹಳ್ಳಿ ಚಿತ್ರದುರ್ಗದಿಂದ ಆಗ್ನೇಯಕ್ಕೆ ಹದಿನಾರು ಕಿಲೋಮೀಟರ್. ನಾನು ಇಲ್ಲಿಗೆ ಎಷ್ಟು ಸಲ ಬಂದಿದ್ದೇನೋ ಲೆಕ್ಕ ಇಲ್ಲ. ಆದರೂ ಜೀಪಿನಿಂದ ಇಳಿಯುವಾಗ ಇವತ್ತಿಗೂ ಎದೆ ಹಗುರಾಗುತ್ತೆ. ನೋಡುವುದಕ್ಕೆ ಸಣ್ಣ ಜಾಗ. ಸುತ್ತ ಒಣ ಹುಲ್ಲು, ಬಂದರೆ ಅನ್ನುವ ಕುರುಚಲು ಗಿಡ. ನಡುವೆ ಹಸಿರು ಮಿಶ್ರಿತ ಬೂದು ಬಂಡೆ. ಬಂಡೆಯ ತುಂಬ ದಿಂಬುಗಳು! ಒಂದಕ್ಕೊಂದು ಒತ್ತಿಕೊಂಡು, ಹತ್ತಿ ದಿಂಬುಗಳನ್ನು ರಾಶಿ ಹಾಕಿದ ಹಾಗೆ. ಕೆಲವು ಒಂದಡಿ, ಕೆಲವು ಮೂರು ನಾಲ್ಕು ಅಡಿ.

ಇವು ಕಲ್ಲಾದ ಲಾವಾ. ಒಲೆಯಿಂದ ತೆಗೆದ ಕಾದ ಕಬ್ಬಿಣವನ್ನು ಕಮ್ಮಾರರು ನೀರಿಗೆ ಅದ್ದುವುದನ್ನು ನೋಡಿದ್ದೀರಲ್ವಾ? ಸಾವಿರ ಡಿಗ್ರಿಗೂ ಜಾಸ್ತಿ ಕಾದ ಲಾವಾ ಕಡಲ ತಳದ ಬಿರುಕಿನಿಂದ ಹೊರಬಂದು ನೀರಿಗೆ ತಾಗುತ್ತೆ. ಹೊರಮೈ ಆ ಕ್ಷಣವೇ ಬಿಗಿದು ಗಾಜಿನಂಥ ಸಿಪ್ಪೆಯಾಗುತ್ತೆ. ಒಳಗೆ ಇನ್ನೂ ಕುದಿ. ಸಿಪ್ಪೆ ಉಬ್ಬಿ, ಒಂದು ಕಡೆ ಒಡೆದು, ಅಲ್ಲಿಂದ ಇನ್ನೊಂದು ದಿಂಬು ಹೊರಗೆ ಬರುತ್ತೆ. ಹೀಗೇ ನೂರಾರು. ಹವಾಯಿ ದ್ವೀಪದಲ್ಲಿ ಮುಳುಗುಗಾರರು ನೀರಿನೊಳಗೆ ಇದು ಆಗುವುದನ್ನು ಕಣ್ಣಾರೆ ಕಂಡಿದ್ದಾರೆ. ನೀರಿಲ್ಲದೆ ಈ ಆಕಾರ ಆಗುವುದಿಲ್ಲ.

ಒಂದು ದಿಂಬಿನ ಪಕ್ಕ ಮಂಡಿಯೂರಿ ಕೂತು ಲೆನ್ಸ್ ಹಿಡಿದೆವು. ಅಂಚಿನಲ್ಲಿ ಒಂದು ಬೆರಳಗಲದ ದಟ್ಟ ಬಣ್ಣದ ಪಟ್ಟಿ. ಅದರಲ್ಲಿ ಕಾಳು ಕಾಣುವುದೇ ಇಲ್ಲ, ಅಷ್ಟು ನುಣುಪು. ಅದೇ ಆ ಸಿಪ್ಪೆ. ಒಳಕ್ಕೆ ಹೋದಂತೆ ಕಾಳು ದಪ್ಪಗಾಗುತ್ತವೆ. ಒಳಗೆ ನಿಧಾನವಾಗಿ ಆರಿತಲ್ಲ, ಹರಳು ಬೆಳೆಯಲು ಹೊತ್ತು ಸಿಕ್ಕಿತು. ಸಿಪ್ಪೆಯ ಹತ್ತಿರ ಸಾಸಿವೆ ಗಾತ್ರದ ಗುಳಿಗಳು, ಗಾಳಿ ಗುಳ್ಳೆಯ ಜಾಗ. ಈಗ ಅವುಗಳೊಳಗೆ ಬಿಳಿ ಖನಿಜ ತುಂಬಿದೆ.

“ಇದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?” ಎಂದು ಕೇಳಿದೆ. ಇದು ನಮ್ಮ ಕೆಲಸದ ಮೊದಲ ಪ್ರಶ್ನೆ. ಪದರಗಳೆಲ್ಲ ಎದ್ದು ನಿಂತ ಮೇಲೆ ಹಳೆಯ ಕಡಲಿನ ಆಕಾಶ ಯಾವ ಕಡೆಗಿತ್ತು ಅಂತ ಕಲ್ಲನ್ನೇ ಕೇಳಬೇಕು. ಹುಡುಗಿ ಐದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ಮೂರು ದಿಂಬು ಕೂಡುವ ಜಾಗದ ಮೇಲೆ ಬೆರಳಿಟ್ಟಳು. ಎರಡು ದಿಂಬುಗಳ ಬೆನ್ನು ಗುಂಡಗೆ ಉಬ್ಬಿತ್ತು. ಮೂರನೆಯದರ ಹೊಟ್ಟೆ ಚೂಪಾಗಿ ಆ ಎರಡರ ಸಂದಿಗೆ ಇಳಿದಿತ್ತು. ಮೆತ್ತಗಿದ್ದ ದಿಂಬು ಮೊದಲೇ ಗಟ್ಟಿಯಾದ ಎರಡು ದಿಂಬಿನ ಮೇಲೆ ಕೂತರೆ ಹಾಗೇ ಆಗಬೇಕು. ಗುಂಡು ಕಡೆ ಮೇಲೆ, ಬಾಲದ ಕಡೆ ಕೆಳಗೆ. ಅವಳಿಗೆ ಗೊತ್ತಾದ ಆ ಗಳಿಗೆ ಮುಖ ನೋಡಬೇಕಿತ್ತು. ಪಾಠ ಮಾಡುವವರಿಗೆ ಇನ್ನೇನು ಬೇಕು?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1976ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿತು. ಸ್ಮಾರಕದ ವಿವರಗಳಲ್ಲಿ ವಯಸ್ಸು 250 ಕೋಟಿ ಎಂದಿರುತ್ತೆ. ಈ ಪಟ್ಟಿಯ ಲಾವಾಗಳಿಗೆ ಆಮೇಲಿನ ಅಳತೆಗಳು ಇನ್ನೂ ಹಿಂದಿನ ವಯಸ್ಸು ಕೊಟ್ಟಿವೆ. ಇಲ್ಲಿ ಸುತ್ತಿಗೆ ಮುಟ್ಟಬಾರದು. ಆದರೂ ಕೆಲವು ದಿಂಬುಗಳ ಅಂಚಿನಲ್ಲಿ ಏಟಿನ ಗುರುತಿದೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಕಲ್ಲು ಬಲ್ಲವರೇ ಒಡೆದಿರಬೇಕು, ಬೇರೆಯವರಿಗೆ ಆ ಚೂರು ಯಾತಕ್ಕೆ? ದೇವಸ್ಥಾನದ ವಿಗ್ರಹದ ಮೂಗು ಒಡೆದರೆ ಊರೇ ಎದ್ದು ನಿಲ್ಲುತ್ತೆ. ಈ ಬಂಡೆಗೂ ಅಷ್ಟೇ ಮರ್ಯಾದೆ ಸಿಗಬೇಕು. ಇನ್ನೊಂದು ಮಾಡಿಸಿಕೊಳ್ಳಲು ನಮಗೆ ಕಡಲೂ ಇಲ್ಲ, ಅಷ್ಟು ಕಾಲವೂ ಇಲ್ಲ.

ಸಂಜೆ ಚಿತ್ರದುರ್ಗ ಸೇರಿ ಕೋಟೆ ಹತ್ತಿದೆವು. ಕೋಟೆ ನಿಂತಿರುವುದು ಗ್ರಾನೈಟಿನ ಮೇಲೆ. ಬಂಡೆಗಳ ಸಂದಿಯಲ್ಲಿ ಸಿಕ್ಕ ಒಂದೊಂದು ಹನಿಯನ್ನೂ ಹೊಂಡಕ್ಕೆ ಇಳಿಸಿದ್ದಾರೆ ಪಾಳೇಗಾರರ ಕಾಲದವರು. ಕೆಳಗಿಳಿದು ಮಂಡಕ್ಕಿ, ಮೆಣಸಿನಕಾಯಿ ತಿಂದು ಮಲಗಿದೆವು.

ಮೂರನೇ ದಿನ: ತಾಳ್ಯ

ನನ್ನ ಈ ವರ್ಷದ ಕೆಲಸ ಪೂರ್ತಿ ಇಲ್ಲಿಯೇ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಇಲ್ಲಿನ ಒಂದು ಕಲ್ಲಿಗೆ ಊರಿನ ಹೆಸರೇ ಇದೆ, ತಾಳ್ಯ ಕಾಂಗ್ಲಾಮರೇಟ್. ಬೆಲ್ಲದ ಪಾಕದಲ್ಲಿ ಕಡಲೆಬೀಜ ಹಾಕಿ ಮಾಡಿದ ಚಿಕ್ಕಿ ಮುರಿದರೆ ಹೇಗಿರುತ್ತೆ, ಹಾಗೆ. ನುಣುಪು ಕಪ್ಪು ಮಣ್ಣು ಕಲ್ಲಾಗಿದೆ, ಅದರೊಳಗೆ ಗುಂಡುಕಲ್ಲುಗಳು ಚದುರಿವೆ. ನೆಲ್ಲಿಕಾಯಿ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗೆ.

ಹಳ್ಳದ ದಡದಲ್ಲಿ ಬೆಳಗ್ಗೆ ಎಂಟಕ್ಕೇ ಕೂತೆವು. ಹುಡುಗ ಒಂದು ಗುಂಡುಕಲ್ಲಿನ ಮೇಲಿನ ಮಣ್ಣು ಒರೆಸಿ, “ಮೇಡಂ, ಲಾಲ್‌ಬಾಗ್!” ಎಂದ. ಬಿಳಿ, ಕಪ್ಪು ಪಟ್ಟೆ. ಅದೇ ಜಾತಿ ನೈಸ್. ಅಂದರೆ ಈ ಕಾಂಗ್ಲಾಮರೇಟ್ ಆಗುವ ಹೊತ್ತಿಗೆ ಆ ನೈಸ್ ಆಗಲೇ ಬೆಟ್ಟವಾಗಿ ಎದ್ದು, ಸವೆದು, ತುಂಡಾಗಿ ಇಲ್ಲಿಗೆ ಬಂದು ಬಿದ್ದಿತ್ತು. ಪಕ್ಕದಲ್ಲೇ ಬೆಣಚುಕಲ್ಲು ಇದೆ, ಹಸಿರು ಛಾಯೆಯ ಲಾವಾ ತುಂಡಿದೆ. ಬೇರೆ ಬೇರೆ ಊರಿನವರು ಒಂದೇ ಸಂತೆಗೆ ಬಂದ ಹಾಗೆ.

ಇವುಗಳನ್ನು ಇಲ್ಲಿಗೆ ತಂದವರು ಯಾರು? ಹೊಳೆಯಾದರೆ ಗುಂಡುಕಲ್ಲುಗಳು ಒಂದಕ್ಕೊಂದು ತಾಗಿಕೊಂಡು ರಾಶಿ ಬೀಳುತ್ತವೆ. ನಡುವೆ ಮರಳು ಇರುತ್ತೆ. ಇಲ್ಲಿ ಹಾಗಿಲ್ಲ. ನುಣುಪು ಕೆಸರಿನ ನಡುವೆ ಒಂಟೊಂಟಿ ಕಲ್ಲು. ಕೆಸರು ತಳಕ್ಕೆ ಇಳಿಯಬೇಕಾದರೆ ನೀರು ನಿಂತಿರಬೇಕು. ನಿಂತ ನೀರು ತೆಂಗಿನಕಾಯಿ ಗಾತ್ರದ ಕಲ್ಲನ್ನು ಹೊತ್ತು ತರುವುದಿಲ್ಲ. ಇದು ಬಹಳ ಹಳೆಯ ಒಗಟು. 2014ರಲ್ಲಿ ಕೆಲವು ಭೂವಿಜ್ಞಾನಿಗಳು ಒಂದು ಉತ್ತರ ಮುಂದಿಟ್ಟರು: ಹಿಮ. ಸುಮಾರು 270 ಕೋಟಿ ವರ್ಷದ ಹಿಂದೆ ಇಲ್ಲೊಂದು ತಣ್ಣನೆಯ ಕಡಲಿತ್ತು. ನೆಲದ ಮೇಲಿಂದ ಹಿಮನದಿ ಕಲ್ಲುಗಳನ್ನು ತನ್ನೊಳಗೆ ಸಿಕ್ಕಿಸಿಕೊಂಡು ಕಡಲಿಗೆ ಇಳಿಯಿತು. ತುಂಡಾಗಿ ತೇಲಿತು. ಕರಗಿದಂತೆ ಒಳಗಿದ್ದ ಕಲ್ಲುಗಳು ಒಂದೊಂದಾಗಿ ತಳದ ಕೆಸರಿಗೆ ಬಿದ್ದವು.

ಹೊಳಲ್ಕೆರೆಯ ಬಿಸಿಲಲ್ಲಿ ಕೂತು ಈ ಮಾತು ಯೋಚಿಸಿ ನೋಡಿ. ದಕ್ಷಿಣ ಆಫ್ರಿಕಾದ ಪೊಂಗೊಲಾ ಅನ್ನುವ ಕಡೆ ಸುಮಾರು 290 ಕೋಟಿ ವರ್ಷದ ಹಿಂದಿನ ಹಿಮದ ಗುರುತು ಸಿಕ್ಕಿದೆ. ಅಷ್ಟು ಹಳೆಯ ಕಾಲದ ಇಂಥ ಗುರುತುಗಳು ಭೂಮಿಯ ಮೇಲೆ ತೀರಾ ಕಡಿಮೆ. ತಾಳ್ಯದ್ದು ನಿಜವೇ ಆದರೆ ಆ ಸಣ್ಣ ಪಟ್ಟಿಗೆ ನಮ್ಮ ಊರೊಂದು ಸೇರುತ್ತೆ.

ನಿಜವೇ ಆದರೆ! ಅಲ್ಲೇ ನನ್ನ ಕೆಲಸ ಇರುವುದು. ಇದಕ್ಕೆ ಬೇರೆ ವಿವರಣೆಯೂ ಉಂಟು. ಕಡಲೊಳಗಿನ ಇಳಿಜಾರಿನಲ್ಲಿ ಕೆಸರೂ ಕಲ್ಲೂ ಸೇರಿ ಜಾರಿ ಬಂದಿರಬಹುದು. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಗುಡ್ಡ ಜರಿದು ಬರುತ್ತಲ್ಲ, ಹಾಗೆ. ಎರಡನ್ನೂ ಬೇರೆ ಮಾಡಲು ಒಂದು ಪರೀಕ್ಷೆ ಇದೆ. ಮೇಲಿನಿಂದ ಬಿದ್ದ ಕಲ್ಲು ಕೆಳಗಿನ ತೆಳು ಪದರಗಳನ್ನು ಒತ್ತಿ ಬಗ್ಗಿಸುತ್ತೆ, ಕೆಲವನ್ನು ತುಂಡರಿಸುತ್ತೆ. ಆಮೇಲೆ ಇಳಿಯುವ ಕೆಸರು ಕಲ್ಲಿನ ಮೇಲೆ ಹೊದಿಕೆಯ ಹಾಗೆ ಹರಡುತ್ತೆ. ಅಂದರೆ ಕೆಳಗೆ ಗಾಯ, ಮೇಲೆ ಹೊದಿಕೆ.

ಕಷ್ಟ ಏನೆಂದರೆ ಈ ಕಲ್ಲುಗಳು ಆಮೇಲೆ ಭಾರೀ ಒತ್ತಡಕ್ಕೆ ಸಿಕ್ಕಿವೆ. ಗುಂಡುಕಲ್ಲುಗಳೆಲ್ಲ ಚಪ್ಪಟೆಯಾಗಿ ಅವರೆಕಾಳಿನ ಆಕಾರಕ್ಕೆ ಬಂದಿವೆ. ಒತ್ತಡದಲ್ಲಿ ಮೆತ್ತನೆಯ ಪದರ ಗಟ್ಟಿ ಕಲ್ಲನ್ನು ಎರಡೂ ಕಡೆಯಿಂದ ಅಪ್ಪಿಕೊಂಡು ಬಗ್ಗುತ್ತೆ. ಆಗ ಮೇಲೂ ಕೆಳಗೂ ಒಂದೇ ಥರ ಕಾಣುತ್ತೆ. ಬಿದ್ದದ್ದರ ಗುರುತೂ ಅದರಲ್ಲಿ ಮುಚ್ಚಿಹೋಗುತ್ತೆ. ಬೆಳಗ್ಗೆಯಿಂದ ಸಂಜೆಯವರೆಗೆ ಮೂವರೂ ಒಂದೊಂದು ಕಲ್ಲಿನ ಮುಂದೆ ಕೂತು ಇಷ್ಟನ್ನೇ ನೋಡಿದೆವು. ಬಹಳಷ್ಟು ಕಲ್ಲುಗಳು ಏನೂ ಹೇಳಲಿಲ್ಲ. ಬಿಸಿಲು ಮಳೆಗೆ ಹೊರಮೈ ಕೊಳೆತು ತೆಳು ಗೆರೆಗಳೇ ಅಳಿಸಿಹೋಗಿದ್ದವು. ಎರಡು ಮೂರು ಕಲ್ಲುಗಳ ಮುಂದೆ ನಾನು ಉಸಿರು ಬಿಗಿಹಿಡಿದೆ, ಆದರೆ ಖಾತ್ರಿಯಾಗಿ ಹೇಳುವಷ್ಟು ಚೊಕ್ಕವಾಗಿರಲಿಲ್ಲ.

ನೈಸ್ ಗುಂಡುಕಲ್ಲುಗಳನ್ನು ಮಾತ್ರ ಚೀಲಕ್ಕೆ ಹಾಕಿಕೊಂಡೆವು. ಅವನ್ನು ಪುಡಿ ಮಾಡಿ ಒಳಗಿನ ಜಿರ್ಕಾನ್ ಹರಳು ಹೆಕ್ಕಬೇಕು. ಹರಳು ಎಂದರೆ ಕೂದಲೆಳೆಯಷ್ಟು ದಪ್ಪ, ಅಷ್ಟೇ. ಅದು ಹುಟ್ಟುವಾಗಲೇ ಯುರೇನಿಯಂ ಒಳಗೆ ಸೇರಿಸಿಕೊಂಡಿರುತ್ತೆ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತೆ, ಅರ್ಧ ಸೀಸವಾಗಲು ಸುಮಾರು 447 ಕೋಟಿ ವರ್ಷ. ಎರಡರ ಪ್ರಮಾಣ ಅಳೆದರೆ ಹರಳಿನ ವಯಸ್ಸು ಸಿಗುತ್ತೆ. ಗುಂಡುಕಲ್ಲು ಯಾವ ಬೆಟ್ಟದ್ದು ಎಂದು ಅದರಿಂದ ತಿಳಿಯುತ್ತೆ. ಒಂದೊಂದು ಚೀಲದ ಮೇಲೂ ಜಾಗ, ದಿಕ್ಕು, ಮೇಲ್ಮುಖದ ಬಾಣ ಬರೆಯಿಸಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಬಾಣ ಹಾಕದೆ ಒಂದು ಕಲ್ಲು ತಂದಿದ್ದೆ. ಲ್ಯಾಬಿನಲ್ಲಿ ಆರು ತಿಂಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಬಿಟ್ಟೆ. ಆ ಸಂಕಟ ಈ ಮಕ್ಕಳಿಗೆ ಬೇಡ.

ಸಂಜೆ ಸಾಮಾನು ಕಟ್ಟುವಾಗ ಎಮ್ಮೆ ಹೊಡೆದುಕೊಂಡು ಒಬ್ಬ ಅಜ್ಜ ಬಂದರು. “ಬಂಗಾರ ಏನಾರ ಸಿಕ್ತೇನವ್ವಾ?” ಎಂದರು. ಫೀಲ್ಡಿನಲ್ಲಿ ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಲ್ಲ ಅಜ್ಜಾರೆ, ಸುಮ್ನೆ ಕಲ್ಲು ಓದೋಕೆ ಬಂದಿದ್ದೀವಿ ಎಂದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ಎರಡನೇ ಪ್ರಶ್ನೆ. “ಕಲ್ಲು ಓದೋದು ಬರ್ತದಲ್ಲ, ಹಂಗಾರೆ ನಮ್ಮ ಹೊಲದಾಗೆ ನೀರು ಎಲ್ಲೈತೆ ಹೇಳ್ತೀಯೇನವ್ವಾ?”

ನಾಳೆ ಬೆಳಗ್ಗೆ ಬರುತ್ತೇನೆ ಎಂದೆ.

ನಾಲ್ಕನೇ ದಿನ: ಅಜ್ಜನ ಬಾವಿ

ಅಜ್ಜನ ತೋಟ ಹಳ್ಳದಿಂದ ಅರ್ಧ ಕಿಲೋಮೀಟರ್. ಅಡಿಕೆ ಗಿಡಗಳ ತುದಿ ಹಳದಿಯಾಗಿತ್ತು. ಎರಡು ಬೋರ್ ಹಾಕಿಸಿದ್ದಾರೆ. ಎರಡಕ್ಕೂ ಪಾಯಿಂಟ್ ನೋಡಿದವರು ತೆಂಗಿನಕಾಯಿ ಹಿಡಿದು ಓಡಾಡಿ ಜಾಗ ತೋರಿಸಿದ್ದರಂತೆ. ಒಂದು ಆರುನೂರು ಅಡಿ, ಒಂದು ಏಳುನೂರು. “ಬರೀ ಧೂಳು ಬಂತವ್ವಾ” ಎಂದರು.

ಆ ಧೂಳಿನ ಗುಪ್ಪೆ ಇನ್ನೂ ಅಲ್ಲೇ ಇತ್ತು. ಕಡ್ಡಿಯಲ್ಲಿ ಕೆದಕಿ ನೋಡಿದೆವು. ಒಂದಿಷ್ಟು ಕಂದು ಪುಡಿ, ಅದು ಮೇಲಿನ ಕೊಳೆತ ಕಲ್ಲು. ಉಳಿದದ್ದೆಲ್ಲ ಗಟ್ಟಿ ಕಲ್ಲಿನ ಹಸಿರು ಬೂದು ಪುಡಿ. ಇಂಥ ಕಲ್ಲಿನ ಒಳಗೆ ನೀರು ನಿಲ್ಲಲು ಜಾಗ ಇರುವುದಿಲ್ಲ. ಮೇಲಿನ ಕೊಳೆತ ಭಾಗದಲ್ಲಿ, ಇಲ್ಲವೇ ಬಿರುಕುಗಳಲ್ಲಿ ಮಾತ್ರ ಇರುತ್ತೆ. ಮೂರನೇ ಬೋರ್ ಬೇಡ ಅಜ್ಜಾರೆ, ಸಾಲ ಮಾಡಬೇಡಿ ಎಂದೆ. ಅವರ ಮುಖ ಇಳಿದುಹೋಯಿತು. ನೋಡಿ ನನಗೂ ಸಂಕಟವಾಯಿತು.

ತೋಟದ ಮೂಲೆಯಲ್ಲಿ ಹಳೆಯ ತೆರೆದ ಬಾವಿ ಇತ್ತು. ಅವರ ತಂದೆ ತೋಡಿಸಿದ್ದು. ಹೂಳು ತುಂಬಿದೆ. ಮಳೆಗಾಲದಲ್ಲಿ ಹಳ್ಳದ ನೀರು ಪಕ್ಕದಲ್ಲೇ ಹರಿದು ಸುಮ್ನೆ ಹೋಗುತ್ತೆ. ಹೂಳು ತೆಗೆಸಿ, ಪಕ್ಕದಲ್ಲೊಂದು ಗುಂಡಿ ತೋಡಿಸಿ, ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು ಹಾಕಿ ಹಳ್ಳದ ನೀರನ್ನು ಸೋಸಿ ಬಾವಿಗೆ ಬಿಡಿ ಎಂದೆ. ಹುಡುಗ ನೆಲದ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದು ತೋರಿಸಿದ. ಎಷ್ಟು ಅಡಿ ಅಗಲ, ಎಷ್ಟು ಗಾಡಿ ಜಲ್ಲಿ, ಎಲ್ಲ ಕೂತು ಲೆಕ್ಕ ಹಾಕಿದೆವು. ಅಜ್ಜ ಎರಡು ಸಲ ಕೇಳಿಕೊಂಡರು. ಮಗನಿಗೆ ಹೇಳ್ತೀನಿ ಎಂದರು.

ಆಗ ಹುಡುಗಿ ಬಾವಿಯ ಆಚೆ ಬದಿಯಿಂದ ಕೂಗಿದಳು.

ಬಾವಿ ತೋಡಿದಾಗ ಎತ್ತಿ ಹಾಕಿದ ಕಲ್ಲುಗಳ ಗುಡ್ಡೆ ಅದು. ನನಗೆ ಹೊಳೆಯಲೇ ಇಲ್ಲವಲ್ಲ ಅನಿಸಿತು. ಹಳ್ಳದ ದಡದ ಕಲ್ಲು ಯುಗಯುಗದಿಂದ ಬಿಸಿಲು ಮಳೆ ತಿಂದದ್ದು. ಇದು ಮೂವತ್ತು ಅಡಿ ಆಳದ್ದು, ಸಿಡಿಮದ್ದಿನಲ್ಲಿ ಸೀಳಿ ತೆಗೆದದ್ದು, ಇನ್ನೂ ಹೊಸತಾಗಿದೆ. ಒಂದು ತುಂಡಿನ ಸೀಳು ಮುಖದಲ್ಲಿ ಬೆಣಚುಕಲ್ಲಿನ ಗುಂಡು, ದೊಡ್ಡ ನಿಂಬೆಹಣ್ಣಿನಷ್ಟು. ನೀರು ಹಾಕಿ ಒರೆಸಿದೆವು. ಒಂದು ಕಡೆ ತೆಳು ಗೆರೆಗಳು ಗುಂಡಿನ ಅಡಿಗೆ ಬಂದು ಪಟಪಟನೆ ತುಂಡಾಗಿದ್ದವು. ಇನ್ನೊಂದು ಕಡೆ ತುಂಡಾಗಿರಲಿಲ್ಲ, ಗುಂಡಿನ ಬೆನ್ನಿನ ಮೇಲೆ ಹಾದು ಹೋಗಿದ್ದವು.

“ಆದರೆ ಮೇಲೆ ಯಾವುದು ಮೇಡಂ? ಬಾಣ ಇಲ್ವಲ್ಲ” ಎಂದ ಹುಡುಗ. ಸರಿಯಾದ ಪ್ರಶ್ನೆ. ಗುಡ್ಡೆಗೆ ಬಿದ್ದ ಕಲ್ಲಿಗೆ ದಿಕ್ಕಿಲ್ಲ. ತುಂಡಾದ ಕಡೆ ಕೆಳಗಿದ್ದರೆ ಮೇಲಿನಿಂದ ಬಿದ್ದ ಕಲ್ಲು, ಮೇಲಿದ್ದರೆ ನಮ್ಮ ಲೆಕ್ಕ ತಪ್ಪು.

ಲೆನ್ಸ್ ಹಿಡಿದು ಒಂದೊಂದೇ ಪದರ ನೋಡಿದೆ. ನಿಂತ ನೀರಿನಲ್ಲಿ ದಪ್ಪ ಕಾಳು ಮೊದಲು ಇಳಿಯುತ್ತೆ, ನುಣುಪು ಆಮೇಲೆ. ಹಾಗಾಗಿ ಪ್ರತಿ ತೆಳು ಪದರದಲ್ಲೂ ದಪ್ಪ ಮರಳಿನ ಕಡೆ ತಳ, ನುಣುಪು ಮಣ್ಣಿನ ಕಡೆ ಮೇಲೆ. ಬಾಣ ನಾವು ಹಾಕದಿದ್ದರೂ ನೀರು ಹಾಕಿರುತ್ತೆ. ಮೊದಲ ಪದರದಲ್ಲಿ ಗೊತ್ತಾಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಒಂದು ಅಂಚಿಗೆ ರವೆಯಂಥ ಮರಳು, ಅಲ್ಲಿಂದ ಮೈದಾ ಹಿಟ್ಟಿನಷ್ಟು ನುಣುಪಿಗೆ ಇಳಿದಿತ್ತು. ನಾಲ್ಕು, ಐದು, ಅವೂ ಹಾಗೇ. ಮರಳಿನ ಅಂಚೆಲ್ಲ ಒಂದೇ ಕಡೆಗೆ. ತುಂಡಾದ ಗೆರೆಗಳ ಕಡೆಗೆ.

ಲೆನ್ಸನ್ನು ಹುಡುಗಿಗೆ ಕೊಟ್ಟೆ, ಏನೂ ಹೇಳಲಿಲ್ಲ. ಅವಳು ನೋಡಿ ಹುಡುಗನಿಗೆ ಕೊಟ್ಟಳು. ಅವನು ನೋಡಿ ಅಜ್ಜನಿಗೆ ಕೊಟ್ಟ. ಅಜ್ಜ ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದರು.

“ಒಯ್ಯಿರಿ, ಅದಕ್ಕೇನಂತೆ. ನಮ್ಮಪ್ಪ ಎತ್ತಿ ಹಾಕಿದ್ದು” ಎಂದರು.

ಒಂದು ಕಲ್ಲು ಸಾಕ್ಷಿಯಾಗುವುದಿಲ್ಲ. ಇಂಥವು ಇನ್ನೂ ಬೇಕು, ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಗುಂಡಿನ ಮೈ ಮೇಲೆ ಹಿಮ ಗೀಚಿದ ಗೆರೆ ಇದೆಯಾ ಹುಡುಕಬೇಕು. ಸುತ್ತಮುತ್ತ ಎಷ್ಟು ಹಳೆಯ ಬಾವಿಗಳಿವೆ ಎಂದು ಅಜ್ಜನನ್ನು ಕೇಳಿದೆ. ಬೆರಳು ಮಡಚಿ ಎಣಿಸಿದರು. ಹನ್ನೊಂದು. ಹುಡುಗಿ ಪ್ರತಿಯೊಂದನ್ನೂ, ಯಾರ ಹೊಲ, ಯಾವ ಮರದ ಪಕ್ಕ ಎಂದು ಬರೆದುಕೊಂಡಳು. ಡ್ರೈವರ್ ಅಣ್ಣ ಗೋಣಿಚೀಲ ತಂದರು. ಇಬ್ಬರು ಹಿಡಿದು ಕಲ್ಲನ್ನು ಜೀಪಿಗೆ ಎತ್ತಿದೆವು. ಹುಡುಗ ಮಾರ್ಕರ್ ತೆಗೆದು ಚೀಲದ ಮೇಲೆ ಬರೆದ: ತಾಳ್ಯ, ಅಜ್ಜನ ಬಾವಿ, ಮೂವತ್ತು ಅಡಿ. ಪಕ್ಕದಲ್ಲಿ ಒಂದು ಬಾಣ, ಮೇಲ್ಮುಖವಾಗಿ.